ಲೈಗರ್‌ನ ಜಾತಿ ಯಾವುದು?

ತಂಗಡಗಿ, ಮುದ್ದೇಬಿಹಾಳ, ಸಿಂದಗಿ ಕಡೆ ಜೋಳ ಕೊಳ್ಳುವವರು ಬೆಲೆಗಿಂತ ಮೊದಲು ಕೇಳುವ ಮಾತೊಂದಿದೆ: ‘ಜವಾರಿನೋ, ಹೈಬ್ರಿಡ್ಡೋ?’ 1964ರಲ್ಲಿ ಸಿಎಸ್‌ಎಚ್-1 ಎಂಬ ದೇಶದ ಮೊದಲ ಹೈಬ್ರಿಡ್ ಜೋಳ ಬಿಡುಗಡೆಯಾದ ಮೇಲೆ ಹುಟ್ಟಿದ ಪ್ರಶ್ನೆ ಇದು. ರೊಟ್ಟಿ ಬಡಿಯುವ ಕೈಗೆ ಉತ್ತರ ಕೂಡಲೇ ಗೊತ್ತಾಗುತ್ತದೆ. ಆದರೆ ಯಾವ ಉತ್ತರ ಬಂದರೂ ಅದು ಜೋಳವೇ. ತಳಿ ಬೇರೆ, ಅಷ್ಟೇ. ಅಪ್ಪ ಸಿಂಹ, ಅವ್ವ ಹುಲಿ ಆಗಿದ್ದರೆ ಮರಿಯನ್ನು ಏನೆಂದು ಕರೆಯುವುದು? ಇಲ್ಲಿ ಅಷ್ಟು ಸುಲಭವಾಗಿ ಪಾರಾಗಲು ಆಗುವುದಿಲ್ಲ. ಭಾರತೀಯ ತರ್ಕಶಾಸ್ತ್ರ ಸಾವಿರ ವರ್ಷಗಳ ಹಿಂದೆಯೇ ಹೆಸರಿಟ್ಟು ಚರ್ಚಿಸಿದ ಒಂದು ತೊಡಕು ಈ ಪ್ರಾಣಿಯಲ್ಲಿ ಮೈದಳೆದು ನಿಂತಿದೆ. ಆ ತೊಡಕಿನ ಹೆಸರು ‘ಸಂಕರ’.

ಮೊದಲು ಪ್ರಾಣಿಯ ವಿಷಯ. ಗಂಡು ಸಿಂಹಕ್ಕೂ ಹೆಣ್ಣು ಹುಲಿಗೂ ಹುಟ್ಟಿದ್ದು ಲೈಗರ್. ಗಂಡು ಹುಲಿಗೂ ಹೆಣ್ಣು ಸಿಂಹಕ್ಕೂ ಹುಟ್ಟಿದ್ದು ಟೈಗಾನ್. ಹಿಂದೆ ಭಾರತದ ಕಾಡುಗಳಲ್ಲಿ ಸಿಂಹವೂ ಹುಲಿಯೂ ಇದ್ದವು. ಆದರೂ ಕಾಡಿನಲ್ಲಿ ತಾನಾಗಿ ಹುಟ್ಟಿದ ಲೈಗರ್‌ನ ನಂಬಲರ್ಹ ದಾಖಲೆ ಇಲ್ಲ. ಇದು ಬೋನಿನ ಸೃಷ್ಟಿ. 1824ರಲ್ಲಿ ಇಂಗ್ಲೆಂಡಿನ ಸಂಚಾರಿ ಪ್ರಾಣಿಪ್ರದರ್ಶನವೊಂದರಲ್ಲಿ ಹುಟ್ಟಿದ ಲೈಗರ್ ಮರಿಗಳು ಜನರನ್ನು ಬೆರಗುಗೊಳಿಸಿದ್ದವು. ನಮ್ಮ ದೇಶದಲ್ಲಿ ಹೆಸರಾದದ್ದು ಕೋಲ್ಕತ್ತದ ಅಲಿಪುರ ಮೃಗಾಲಯ. ಅಲ್ಲಿ 1971ರಲ್ಲಿ ರುದ್ರಾಣಿ ಎಂಬ ಹೆಣ್ಣು ಟೈಗಾನ್ ಹುಟ್ಟಿತು. ಅದನ್ನು ಏಷ್ಯಾದ ಸಿಂಹವೊಂದರ ಜೊತೆ ಕೂಡಿಸಿದಾಗ ಏಳು ಮರಿಗಳಾದವು; ಅವಕ್ಕೆ ಲಿಟಿಗಾನ್ ಎಂದು ಹೆಸರಿಟ್ಟರು. ಅವುಗಳಲ್ಲಿ ಕ್ಯೂಬನಾಕನ್ ಎಂಬ ಭಾರೀ ಗಾತ್ರದ ಗಂಡು 1991ರವರೆಗೆ ಬದುಕಿತ್ತು.

ಲೈಗರ್ ತಂದೆ-ತಾಯಿ ಇಬ್ಬರಿಗಿಂತಲೂ ದೊಡ್ಡದಾಗಿ ಬೆಳೆಯುತ್ತದೆ. ಅಮೆರಿಕದ ಹರ್ಕ್ಯುಲಿಸ್ ಎಂಬ ಲೈಗರ್ 400 ಕಿಲೋ ದಾಟಿ ಗಿನ್ನೆಸ್ ದಾಖಲೆ ಸೇರಿತು. ಸಿಂಹದ ತಂದೆಯಿಂದ ಬರುವ ಬೆಳವಣಿಗೆಯ ವಂಶವಾಹಿಗಳನ್ನು ಹತೋಟಿಯಲ್ಲಿಡುವ ಪ್ರತಿವಾಹಿಗಳು ಹೆಣ್ಣು ಸಿಂಹದಲ್ಲಿವೆ, ಹೆಣ್ಣು ಹುಲಿಯಲ್ಲಿ ಇಲ್ಲ ಎಂಬುದು ಇದಕ್ಕೆ ವಿಜ್ಞಾನಿಗಳು ಕೊಡುವ ವಿವರಣೆ. ಗಂಡು ಲೈಗರ್, ಗಂಡು ಟೈಗಾನ್‌ಗಳಿಗೆ ಸಂತಾನಶಕ್ತಿ ಇರುವುದಿಲ್ಲ, ಹೆಣ್ಣುಗಳಿಗೆ ಇರಬಹುದು. ರುದ್ರಾಣಿ ಮರಿ ಹಾಕಿದ್ದು ಹಾಗೆ. ಬೆರಕೆಯಲ್ಲಿ ಒಂದು ಲಿಂಗ ಮಾತ್ರ ಬಂಜೆಯಾದರೆ ಅದು ಎಕ್ಸ್-ವೈ ಹೀಗೆ ಎರಡು ಬಗೆಯ ಲಿಂಗ ವರ್ಣತಂತು ಇರುವ ಲಿಂಗವೇ ಎಂಬ ಈ ನಿಯಮವನ್ನು 1922ರಲ್ಲಿ ಹೇಳಿದವರು ಜೆ.ಬಿ.ಎಸ್. ಹಾಲ್ಡೇನ್. ಮುಂದೆ 1957ರಲ್ಲಿ ಅವರು ಕೋಲ್ಕತ್ತಕ್ಕೇ ಬಂದು ನೆಲೆಸಿದರು.

ಈಗ ತತ್ತ್ವಕ್ಕೆ ಬರೋಣ. ಬಂಡೀಪುರದಲ್ಲಿ ಕಂಡದ್ದನ್ನೂ ಸುಂದರಬನದಲ್ಲಿ ಕಂಡದ್ದನ್ನೂ ನಾವು ‘ಹುಲಿ’ ಎಂದೇ ಕರೆಯುತ್ತೇವೆ. ಎರಡೂ ಬೇರೆ ಬೇರೆ ಮೈ, ಬೇರೆ ಬೇರೆ ಜೀವ. ಹಾಗಿದ್ದರೂ ಒಂದೇ ಹೆಸರು, ಒಂದೇ ಅರಿವು ಹೇಗೆ ಬಂತು? ನ್ಯಾಯ-ವೈಶೇಷಿಕರ ಉತ್ತರ ಹೀಗಿದೆ: ಎಲ್ಲ ಹುಲಿಗಳಲ್ಲೂ ‘ವ್ಯಾಘ್ರತ್ವ’ ಎಂಬುದೊಂದು ನೆಲೆಗೊಂಡಿದೆ. ಅದು ಒಂದೇ, ನಿತ್ಯ, ಅನೇಕ ವ್ಯಕ್ತಿಗಳಲ್ಲಿ ಇರುವಂಥದ್ದು. ಹುಲಿಗಳು ಹುಟ್ಟಿ ಸಾಯುತ್ತವೆ, ವ್ಯಾಘ್ರತ್ವ ಸಾಯುವುದಿಲ್ಲ. ಇದನ್ನೇ ಅವರು ಸಾಮಾನ್ಯ ಅಥವಾ ಜಾತಿ ಎಂದರು. ಗ್ರೀಸಿನಲ್ಲಿ ಪ್ಲೇಟೋ, ಅರಿಸ್ಟಾಟಲ್ ತಮ್ಮದೇ ರೀತಿಯಲ್ಲಿ ಇದೇ ಪ್ರಶ್ನೆಗೆ ಕೈಹಾಕಿದ್ದರು.

ಹಾಗೆಂದು ಹಲವರಿಗೆ ಸಲ್ಲುವ ಪ್ರತಿಯೊಂದು ಹೆಸರಿನ ಹಿಂದೆಯೂ ಜಾತಿ ಇದೆ ಎನ್ನಲಾಗದು. ‘ಅಡುಗೆಯವರು’ ಹಲವರಿದ್ದಾರೆ, ‘ನೆರೆಮನೆಯವರು’ ಹಲವರಿದ್ದಾರೆ. ಅವು ಸಂದರ್ಭ ತಂದ ಗುರುತುಗಳು. ಇವಕ್ಕೆ ಶಾಸ್ತ್ರದಲ್ಲಿ ‘ಉಪಾಧಿ’ ಎನ್ನುತ್ತಾರೆ. ನಿಜವಾದ ಜಾತಿ ಯಾವುದು, ಬರೀ ಉಪಾಧಿ ಯಾವುದು? ಇದನ್ನು ಬೇರ್ಪಡಿಸಲು 10ನೇ ಶತಮಾನದ ಸುಮಾರಿಗೆ ಮಿಥಿಲೆಯ ಉದಯನಾಚಾರ್ಯ ತನ್ನ ‘ಕಿರಣಾವಲಿ’ಯಲ್ಲಿ ಆರು ಅಡ್ಡಿಗಳನ್ನು ಪಟ್ಟಿಮಾಡಿದ. ಇವೇ ಜಾತಿಬಾಧಕಗಳು. ವಸ್ತು ಒಂದೇ ಇದ್ದರೆ ಅದಕ್ಕೆ ಜಾತಿ ಇಲ್ಲ. ಆಕಾಶ ಒಂದೇ ಆದ್ದರಿಂದ ಆಕಾಶತ್ವ ಜಾತಿಯಲ್ಲ. ಘಟ, ಕಲಶ ಎಂದು ಎರಡು ಹೆಸರಿದ್ದ ಮಾತ್ರಕ್ಕೆ ಎರಡು ಜಾತಿಗಳಾಗವು. ನಮ್ಮ ಪ್ರಾಣಿಗೆ ಬೇಕಾದದ್ದು ಮೂರನೆಯ ಬಾಧಕವಾದ ಸಂಕರ.

ಎರಡು ನಿಜವಾದ ಜಾತಿಗಳ ನಡುವೆ ಎರಡೇ ರೀತಿಯ ಸಂಬಂಧ ಸಾಧ್ಯ. ಒಂದು ಇನ್ನೊಂದರ ಒಳಗೆ ಪೂರ್ತಿ ಇರಬಹುದು: ಹುಲಿಗಳೆಲ್ಲ ಪ್ರಾಣಿಗಳೇ. ಇಲ್ಲವೇ ಎರಡೂ ಪೂರ್ತಿ ಬೇರೆ ಇರಬಹುದು: ಯಾವ ಹುಲಿಯೂ ಮರವಲ್ಲ. ಅರ್ಧ ಕೂಡಿ ಅರ್ಧ ಅಗಲಿದರೆ ಅದು ಸಂಕರ. ಶಾಸ್ತ್ರದವರು ಕೊಡುವ ಉದಾಹರಣೆ ಭೂತತ್ವ ಮತ್ತು ಮೂರ್ತತ್ವ. ಆಕಾಶ ಪಂಚಭೂತಗಳಲ್ಲಿ ಒಂದು, ಆದರೆ ಅದಕ್ಕೆ ಚಲಿಸುವ ಮಿತವಾದ ಮೈಯಿಲ್ಲ, ಅಂದರೆ ಮೂರ್ತವಲ್ಲ. ಮನಸ್ಸು ಅವರ ಮತದಲ್ಲಿ ಮೂರ್ತ, ಆದರೆ ಭೂತವಲ್ಲ. ಮಣ್ಣು, ನೀರು, ಬೆಂಕಿ, ಗಾಳಿ ಎರಡೂ ಹೌದು. ಹೀಗೆ ಅಡ್ಡಾದಿಡ್ಡಿ ಹೆಣೆದುಕೊಂಡಿದ್ದರಿಂದ ಈ ಎರಡನ್ನೂ ಜಾತಿಯ ಪಟ್ಟದಿಂದ ಇಳಿಸಿದರು.

ಈ ಜಾಗಕ್ಕೆ ಲೈಗರನ್ನು ತಂದು ನಿಲ್ಲಿಸಿ. ಗಿರ್ ಕಾಡಿನಲ್ಲಿ ಸಿಂಹತ್ವ ಇದೆ, ವ್ಯಾಘ್ರತ್ವ ಇಲ್ಲ. ಬಂಡೀಪುರದಲ್ಲಿ ವ್ಯಾಘ್ರತ್ವ ಇದೆ, ಸಿಂಹತ್ವ ಇಲ್ಲ. ಬೋನಿನೊಳಗಿನ ಲೈಗರ್‌ನಲ್ಲಿ ಎರಡೂ ಇವೆ ಎಂದು ಒಪ್ಪಿದರೆ, ಉದಯನನ ನಿಯಮದಂತೆ ಸಿಂಹತ್ವ, ವ್ಯಾಘ್ರತ್ವಗಳು ನಿಜವಾದ ಜಾತಿಗಳೇ ಅಲ್ಲವೆಂದಾಗುತ್ತದೆ. ಒಂದು ಮರಿ ಹುಟ್ಟಿ ಎರಡು ಜಾತಿಗಳ ಬುಡ ಅಲ್ಲಾಡಿಸಿತು!

ಪಾರಾಗುವ ದಾರಿ ಶಾಸ್ತ್ರದಲ್ಲೇ ಇದೆ. 17ನೇ ಶತಮಾನದ ವಿಶ್ವನಾಥ ಪಂಚಾನನನ ‘ನ್ಯಾಯಸಿದ್ಧಾಂತ ಮುಕ್ತಾವಲಿ’ಯಲ್ಲಿ ನರಸಿಂಹನ ಶರೀರದ ಪ್ರಶ್ನೆ ಬರುತ್ತದೆ. ನರಸಿಂಹ ಒಬ್ಬನೇ ಆದ್ದರಿಂದ ನರಸಿಂಹತ್ವ ಜಾತಿಯಾಗದಲ್ಲ ಎಂಬುದು ಆಕ್ಷೇಪ. ಕಲ್ಪ ಕಲ್ಪಕ್ಕೂ ನರಸಿಂಹನ ಶರೀರ ಬೇರೆ ಬೇರೆ, ಹಾಗಾಗಿ ಅಂಥ ಶರೀರಗಳು ಅನೇಕ, ನರಸಿಂಹತ್ವ ತನ್ನದೇ ಜಾತಿ ಎಂಬುದು ಸಮಾಧಾನ. ಇದೇ ಜಾಡಿನಲ್ಲಿ ಲೈಗರ್‌ಗೂ ಉತ್ತರ ಕೊಡಬಹುದು: ಅದರಲ್ಲಿ ಸಿಂಹತ್ವವೂ ಇಲ್ಲ, ವ್ಯಾಘ್ರತ್ವವೂ ಇಲ್ಲ, ಲೈಗರ್‌ತ್ವ ಎಂಬ ಮೂರನೆಯದೇ ಇದೆ. ಆಗ ಸಂಕರದ ತೊಡಕು ಇಲ್ಲವಾಗುತ್ತದೆ. ಆದರೆ ಟೈಗಾನ್‌ಗೆ ನಾಲ್ಕನೆಯದು, ಲಿಟಿಗಾನ್‌ಗೆ ಐದನೆಯದು ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ನಿತ್ಯವಾದ ಜಾತಿಗಳು ಮೃಗಾಲಯದ ಅಧಿಕಾರಿಯ ನಿರ್ಧಾರಕ್ಕೆ ಕಾದು ಕುಳಿತಿದ್ದವು ಎನ್ನಬೇಕಾಗುತ್ತದೆ.

ಬೌದ್ಧರು ಈ ಕಗ್ಗಂಟನ್ನು ಬಿಡಿಸುವ ಗೋಜಿಗೇ ಹೋಗಲಿಲ್ಲ. ದಿಙ್ನಾಗ, ಧರ್ಮಕೀರ್ತಿಯರ ‘ಅಪೋಹ’ವಾದದ ಪ್ರಕಾರ ಹುಲಿಗಳೊಳಗೆ ವ್ಯಾಘ್ರತ್ವ ಎಂಬ ನಿತ್ಯವಸ್ತು ಯಾವುದೂ ಇಲ್ಲ. ಹುಲಿಯಲ್ಲದ್ದನ್ನೆಲ್ಲ ಹೊರಗಿಟ್ಟು ಉಳಿದದ್ದಕ್ಕೆ ನಾವು ಇಟ್ಟ ಹೆಸರು ‘ಹುಲಿ’. ನಮ್ಮ ವ್ಯವಹಾರಕ್ಕೆ ಅಷ್ಟು ಸಾಕು. ಲೈಗರ್ ಬಂದರೆ ಗೆರೆಯನ್ನು ಇನ್ನೊಮ್ಮೆ ಎಳೆದರಾಯಿತು.

ಇಂದಿನ ಜೀವವಿಜ್ಞಾನ ಈ ಎರಡರ ನಡುವೆ ನಿಲ್ಲುತ್ತದೆ. 1942ರಲ್ಲಿ ಅರ್ನ್ಸ್ಟ್ ಮೇಯರ್ ಕೊಟ್ಟ ಲಕ್ಷಣ ಹೆಸರಾದದ್ದು: ನಿಸರ್ಗದಲ್ಲಿ ತಮ್ಮೊಳಗೇ ಕೂಡಿ ಬೆಳೆಯುವ, ಇತರರಿಂದ ಸಂತಾನದ ದೃಷ್ಟಿಯಿಂದ ಬೇರೆಯಾಗಿರುವ ಜೀವಸಮೂಹವೇ ಪ್ರಭೇದ. ಇಲ್ಲಿ ಹುಲಿತನ ಒಂದೊಂದು ಹುಲಿಯೊಳಗೆ ಅಡಗಿದ ವಸ್ತುವಲ್ಲ. ಲಕ್ಷಾಂತರ ವರ್ಷಗಳ ವಂಶದ ಹರಿವಿನಲ್ಲಿ ಆ ಪ್ರಾಣಿಗಿರುವ ಸ್ಥಾನ. ಸಿಂಹಕ್ಕೆ ಹುಲಿಗಿಂತ ಚಿರತೆಯೇ ಹತ್ತಿರದ ನೆಂಟ, ಹುಲಿಗೆ ಹಿಮಚಿರತೆ. ಬೋನಿನಲ್ಲಿ ಒಂದು ಲೈಗರ್ ಹುಟ್ಟಿದರೆ ಈ ಎರಡು ಹರಿವುಗಳು ಒಂದಾಗುವುದಿಲ್ಲ. ಹಾಗಾಗಿ ಪ್ರಭೇದಗಳ ನಡುವಿನ ಗೆರೆ ನಿಜ. ಆದರೆ ಅದು ಉಕ್ಕಿನ ಗೋಡೆಯೂ ಅಲ್ಲ, ನಿತ್ಯವೂ ಅಲ್ಲ.

ಗೆರೆ ಎಷ್ಟು ಸರಿಯುತ್ತದೆ ಎನ್ನಲು ನಮ್ಮ ಬನ್ನೇರುಘಟ್ಟವೇ ಸಾಕ್ಷಿ. ಸರ್ಕಸ್ಸಿನಲ್ಲಿ ಹುಲಿ, ಸಿಂಹ, ಚಿರತೆ, ಕರಡಿ, ಕೋತಿಗಳ ಪ್ರದರ್ಶನವನ್ನು ಕೇಂದ್ರ ಸರ್ಕಾರ 1998ರಲ್ಲಿ ನಿಷೇಧಿಸಿತು. 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಾಗೆ ಬಿಡಿಸಿ ತಂದ ಪ್ರಾಣಿಗಳಿಗೆ ಬನ್ನೇರುಘಟ್ಟ ಆಸರೆಯಾಯಿತು. ಅಲ್ಲಿಗೆ ಬಂದ ಸಿಂಹಗಳಲ್ಲಿ ಗಿರ್ ಮತ್ತು ಆಫ್ರಿಕಾದ ರಕ್ತ ಬೆರೆತವು ಇದ್ದವು. ಅವಕ್ಕೆ ‘ಹೈಬ್ರಿಡ್ ಸಿಂಹ’ ಎಂಬ ಹೆಸರು ಅಂಟಿತು. ಮೃಗಾಲಯಗಳ ನಿಯಮಾವಳಿ ಪ್ರಭೇದಗಳ ನಡುವೆಯೂ, ಒಂದೇ ಪ್ರಭೇದದ ಉಪಪ್ರಭೇದಗಳ ನಡುವೆಯೂ ಬೆರಕೆ ಆಗದಂತೆ ನೋಡಿಕೊಳ್ಳಬೇಕು ಎನ್ನುತ್ತದೆ. ಆದರೆ 2017ರಲ್ಲಿ ಬೆಕ್ಕಿನ ಕುಲದ ತಜ್ಞರ ಅಂತರರಾಷ್ಟ್ರೀಯ ತಂಡ ವರ್ಗೀಕರಣವನ್ನೇ ತಿದ್ದಿತು: ಗಿರ್ ಸಿಂಹವನ್ನೂ ಪಶ್ಚಿಮ, ಮಧ್ಯ ಆಫ್ರಿಕಾದ ಸಿಂಹಗಳನ್ನೂ ಒಂದೇ ಉಪಪ್ರಭೇದಕ್ಕೆ ಸೇರಿಸಿತು. ಸಿಂಹಗಳ ಮೈಯಲ್ಲಿ ಏನೂ ಬದಲಾಗಲಿಲ್ಲ, ಪುಸ್ತಕದಲ್ಲಿ ಬದಲಾಯಿತು. ಉಪಪ್ರಭೇದ ಎಂಬುದು ಬಹುಮಟ್ಟಿಗೆ ಉಪಾಧಿಯೇ. ಇಷ್ಟಾದರೂ ಗಿರ್ ಸಿಂಹಗಳ ವಂಶವನ್ನು ಬೇರೆಯಾಗಿ ಕಾಯುವುದಕ್ಕೆ ಅರ್ಥವಿದೆ. ಬೇಟೆಗೆ ಸಿಕ್ಕಿ ಬೆರಳೆಣಿಕೆಗೆ ಇಳಿದು 2025ರ ಗಣತಿಯಲ್ಲಿ 891ಕ್ಕೆ ಏರಿದ ವಂಶ ಅದು. ಅದನ್ನು ಕಾಯುವುದಕ್ಕೆ ಕಾರಣ ಆ ಚರಿತ್ರೆ ಮತ್ತು ಆ ಕಾಡು, ರಕ್ತಶುದ್ಧಿಯ ಮಂತ್ರವಲ್ಲ.

ಲೈಗರ್ ಹುಟ್ಟಿಸುವುದು ತಪ್ಪು ಎಂಬ ಮಾತಿಗೂ ಇದೇ ಅಳತೆ ಬೇಕು. ‘ಜಾತಿ ಕೆಟ್ಟಿತು’ ಎಂಬುದು ಕಾರಣವಾಗಬಾರದು. ದೊಡ್ಡ ಮರಿಯನ್ನು ಹೊತ್ತ ತಾಯಿಹುಲಿಯ ಸಂಕಟ, ಮರಿಗಳನ್ನು ಕಾಡುವ ಕಾಯಿಲೆ, ಬಿಡಲು ಕಾಡೇ ಇಲ್ಲದ ಬಾಳು, ಎಲ್ಲವೂ ಟಿಕೆಟ್ ಮಾರಾಟಕ್ಕಾಗಿ. ತಪ್ಪಿರುವುದು ಅಲ್ಲಿ. ಹುಟ್ಟಿದ ಮರಿ ಯಾವ ಅಪರಾಧವನ್ನೂ ಮಾಡಿಲ್ಲ.

ಜಾತಿಗೂ ಉಪಾಧಿಗೂ ಇರುವ ಈ ಭೇದವನ್ನು ತಂಗಡಗಿಯಲ್ಲಿ ನಿಂತು ಹೇಳಲು ಇನ್ನೊಂದು ಕಾರಣವಿದೆ. ಕೃಷ್ಣೆಯ ದಂಡೆಯ ಈ ಊರು ಬಸವಣ್ಣನವರ ಪತ್ನಿ ನೀಲಾಂಬಿಕೆಯವರ ಐಕ್ಯಸ್ಥಳ. ಕಲ್ಯಾಣದಿಂದ ಅವರನ್ನು ಕರೆತಂದವರು ಹಡಪದ ಅಪ್ಪಣ್ಣನವರು ಎಂದು ಪರಂಪರೆ ಹೇಳುತ್ತದೆ. ಅವರು ಕಲ್ಯಾಣ ಬಿಡಬೇಕಾಗಿ ಬಂದದ್ದು ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಆದ ಮದುವೆಯ ನಂತರದ ಹಿಂಸೆಯಿಂದ. ಆ ಮದುವೆಯ ಮೇಲೆ ಹೊರಿಸಿದ ದೋಷದ ಹೆಸರೂ ಸಂಕರವೇ, ವರ್ಣಸಂಕರ. ಕುಮಾರಿಲಭಟ್ಟನಂಥ ಮೀಮಾಂಸಕರು ಬ್ರಾಹ್ಮಣತ್ವವೂ ಹುಲಿತನದಂತೆ ನಿಜವಾದ ಜಾತಿ ಎಂದು ವಾದಿಸಿದ್ದರು. ಅದನ್ನು ಬೌದ್ಧರೂ, ಜೈನ ತಾರ್ಕಿಕ ಪ್ರಭಾಚಂದ್ರನೂ ಖಂಡಿಸಿದರು. ಅಶ್ವಘೋಷನ ಹೆಸರಿನಲ್ಲಿರುವ ‘ವಜ್ರಸೂಚಿ’ಯ ವಾದ ತೀರ ಸರಳ: ಪ್ರಾಣಿ ಪ್ರಾಣಿಗೆ ಹೆಜ್ಜೆಯ ಗುರುತು ಬೇರೆ; ನಾಲ್ಕು ವರ್ಣದವರ ಹೆಜ್ಜೆಗುರುತಿನಲ್ಲಿ ಅಂಥ ವ್ಯತ್ಯಾಸ ಎಲ್ಲಿದೆ?

ಸಿಂಹಕ್ಕೂ ಹುಲಿಗೂ ನಡುವೆ ಲಕ್ಷಾಂತರ ವರ್ಷಗಳ ಅಗಲಿಕೆಯಿದೆ, ಬೆರಕೆಯ ಗಂಡು ಬಂಜೆಯಾಗುವಷ್ಟು ಅಂತರವಿದೆ. ಅಲ್ಲಿ ಜಾತಿ ಎಂಬ ಮಾತಿಗೆ ಹಿಡಿತ ಉಂಟು. ಅಲ್ಲೂ ಅದು ಉದಯನನ ಪರೀಕ್ಷೆಯಲ್ಲಿ ತಡವರಿಸುತ್ತದೆ. ಮನುಷ್ಯರ ನಡುವೆ ಅಂಥ ಗೆರೆ ಒಂದೂ ಇಲ್ಲ. ಅಲ್ಲಿ ಜಾತಿ ಎನ್ನುವುದು ಬರೀ ಉಪಾಧಿ; ಇಟ್ಟವರು ನಾವೇ, ತೆಗೆಯಬೇಕಾದವರೂ ನಾವೇ.