ವಿಚಾರಿಸದವರು

ಆಫೀಸ್ ಕೆಲಸಕ್ಕೆ ಸ್ಕಾಟ್ಲೆಂಡಿಗೆ ಹೋದಾಗ ಒಂದು ಭಾನುವಾರ ಹೈಲ್ಯಾಂಡ್ ದನಗಳ ಫಾರ್ಮ್ ನೋಡಿದೆ. ಉದ್ದ ಕೂದಲಿನ ಹಳೇ ತಳಿ. 1884ರಿಂದಲೇ ಅದಕ್ಕೊಂದು ಸಂಘವಿದೆ. ಗುಡ್ಡದ ಹುಲ್ಲು ಮೇಯಿಸಿ ಮಾಂಸಕ್ಕೆಂದೇ ಸಾಕುತ್ತಾರೆ. ಯಜಮಾನರು ಒಂದೊಂದರ ಹೆಸರು ಹೇಳಿದರು. ಯಾವುದು ಯಾವ ತಿಂಗಳು ಕಸಾಯಿಖಾನೆಗೆ ಹೋಗುತ್ತೆ ಅಂತಲೂ ಹೇಳಿದರು. ಹೆಸರಿಟ್ಟು ಕೊಲ್ಲೋದಾ ಅಂತ ಒಳಗೇ ಸಿಟ್ಟು ಬಂತು.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಕೇಳಿದೆ: “ನನ್ನ ಬಿಇ ಫೀಸಿಗೆ ಮಾರಿದ್ಯಲ್ಲಪ್ಪ, ನಮ್ಮ ಹಳ್ಳಿಕಾರ್ ಜೋಡೆತ್ತು, ಎಲ್ಲಿಗೆ ಹೋದ್ವು?”

“ಸಂತೇಲಿ ಕೊಟ್ಟೆ. ಆಮೇಲೆ ವಿಚಾರಿಸ್ಲಿಲ್ಲ ಮಗ.”

ನಾನೂ ವಿಚಾರಿಸಿರಲಿಲ್ಲ. ಅವಕ್ಕೂ ಹೆಸರಿತ್ತು. ಕೊಲ್ಲೋದು ಸರಿಯಾ ತಪ್ಪಾ, ನನಗಿನ್ನೂ ಬಗೆಹರಿದಿಲ್ಲ. ಆದರೆ ತನ್ನ ದನದ ಕೊನೆ ಎಲ್ಲಿ ಅನ್ನೋದು ಆ ಯಜಮಾನರಿಗೆ ಗೊತ್ತು, ಹೊಣೆಯೂ ಅವರದೇ. ನಾವು ಮಾತ್ರ ಗೊತ್ತುಮಾಡಿಕೊಳ್ಳದೇ ಒಳ್ಳೆಯವರಾಗಿ ಉಳಿದಿದ್ದೀವಿ.