ಒಂದು ವಿರೋಧ ಮತ

2013ರ ಮಾರ್ಚ್ ತಿಂಗಳಲ್ಲಿ ಷಿ ಜಿನ್‌ಪಿಂಗ್ ಅವರು ಚೀನಾದ ಅಧ್ಯಕ್ಷರಾಗಿ ಆಯ್ಕೆಯಾದಾಗ ಅವರ ಪರವಾಗಿ 2952 ಮತಗಳು ಬಿದ್ದವು. ಮೂವರು ತಟಸ್ಥರು. ವಿರೋಧವಾಗಿ ಬಿದ್ದದ್ದು ಒಂದೇ ಮತ. ನನ್ನನ್ನು ಕಾಡುವುದು ಆ ಒಂದು.

ಅಲ್ಲಿ ಜನರು ನೇರವಾಗಿ ಆರಿಸುವುದು ಕೆಳಹಂತದ ಪ್ರತಿನಿಧಿಗಳನ್ನು ಮಾತ್ರ. ಅವರು ಮೇಲಿನವರನ್ನು, ಆ ಮೇಲಿನವರು ಇನ್ನೂ ಮೇಲಿನವರನ್ನು ಆರಿಸುತ್ತಾರೆ. ಹೀಗೆ ಏಣಿಯ ತುದಿಯಲ್ಲಿ ಸುಮಾರು ಮೂರು ಸಾವಿರ ಸದಸ್ಯರ ರಾಷ್ಟ್ರೀಯ ಜನತಾ ಕಾಂಗ್ರೆಸ್. ಅಧ್ಯಕ್ಷಸ್ಥಾನಕ್ಕೆ ಅಭ್ಯರ್ಥಿ ಒಬ್ಬರೇ. ಅವರು ಯಾರೆಂದು ಕಮ್ಯುನಿಸ್ಟ್ ಪಕ್ಷ ಮೊದಲೇ ನಿಶ್ಚಯಿಸಿರುತ್ತದೆ. ನಮ್ಮ ರಾಷ್ಟ್ರಪತಿಯ ಚುನಾವಣೆಯೂ ಪರೋಕ್ಷವೇ ತಾನೇ ಎನ್ನಬಹುದು. ಹೌದು; ಆದರೆ 1969ರಲ್ಲಿ ಆಳುವ ಪಕ್ಷದ ಅಧಿಕೃತ ಅಭ್ಯರ್ಥಿ ಸಂಜೀವ ರೆಡ್ಡಿಯವರೇ ವಿ.ವಿ. ಗಿರಿಯವರೆದುರು ಸೋತರು.

ಸೋಲೇ ಸಾಧ್ಯವಿಲ್ಲದ ಕಡೆ 'ಬೇಡ' ಎನ್ನುವುದು ಯಾತಕ್ಕಾಗಿ? ಒಮ್ಮೆ ಒಂದು ಸಂಘದ ಮಹಾಸಭೆಯಲ್ಲಿ, ತಪ್ಪೆಂದು ತಿಳಿದ ನಿರ್ಣಯಕ್ಕೆ ನಾನೂ ಕೈಯೆತ್ತಿದ್ದೆ, ಹೇಗೂ ಅದು ಅಂಗೀಕಾರವಾಗುತ್ತದೆಂದು. ಹೆದರಿಕೆಯೇನೂ ಇರಲಿಲ್ಲ, ಪಕ್ಕದವರು ಎತ್ತಿದ್ದರು, ಅಷ್ಟೆ. ಮತವಿರುವುದು ಫಲಿತಾಂಶಕ್ಕಾಗಿ ಮಾತ್ರವಾದರೆ ನಾನು ಮಾಡಿದ್ದರಲ್ಲಿ ತಪ್ಪಿಲ್ಲ. ಅದು ನನ್ನ ಸಾಕ್ಷಿಯಾದರೆ, ಅಂದು ನಾನು ಹೇಳಿದ್ದು ಸುಳ್ಳುಸಾಕ್ಷಿ.

"ಆ ಒಂದು ಮತದಿಂದ ಆಳುವವರಿಗೇ ಲಾಭ. ನೋಡಿ, ಬೇಡವೆನ್ನಲೂ ಇಲ್ಲಿ ಅವಕಾಶವಿದೆ ಎಂದು ತೋರಿಸಬಹುದಲ್ಲ" ಎಂದರು ಮಲಯಾಳಿ ಗೆಳೆಯರೊಬ್ಬರು. ಇರಬಹುದು. ಆದರೆ ಅಂಥ ಲಾಭ ಅವರಿಗೆ ಬೇಕಿದ್ದಂತೆ ಕಾಣುವುದಿಲ್ಲ. 2018ರಲ್ಲಿ ಅಧ್ಯಕ್ಷರಿಗಿದ್ದ ಎರಡು ಅವಧಿಗಳ ಮಿತಿಯನ್ನು ತೆಗೆದುಹಾಕಿದ ತಿದ್ದುಪಡಿಗೆ ಇಬ್ಬರು ವಿರೋಧ ಸೂಚಿಸಿದರು. ಆರೇ ದಿನಗಳ ನಂತರ ಅಧ್ಯಕ್ಷರ ಆಯ್ಕೆ: 2970 ಮತಗಳೂ ಪರ. 2023ರಲ್ಲಿ ಮತ್ತೆ 2952, ಹತ್ತು ವರ್ಷಗಳ ಹಿಂದಿನಷ್ಟೇ. ಆ ಒಂದು ಮಾತ್ರ ಇರಲಿಲ್ಲ.