ತಮಟೆ, ಕೋರಾ ಮತ್ತು ಒಲ್ಲೆ ಎನ್ನುವ ಹಕ್ಕು

ತಮಟೆ ಬಿಡಬೇಕೋ, ಹಿಡೀಬೇಕೋ? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಯಾವ ಹಟ್ಟಿಗೆ ಹೋದರೂ ಓದಿದ ಹುಡುಗರು ನಾಲ್ಕು ಜನ ಕೂತ ಕಡೆ ಈ ಜಗಳ ಏಳುತ್ತದೆ. ಒಬ್ಬ ಹೇಳುತ್ತಾನೆ: 'ನಮ್ಮಪ್ಪನ ಕಾಲಕ್ಕೇ ಮುಗೀಲಿ, ತಗಂಡೋಗಿ ಒಲೆಗಾಕ್ರಿ.' ಇನ್ನೊಬ್ಬ ಹೇಳುತ್ತಾನೆ: 'ಒಲೆಗಾಕಿದ್ರೆ ನಮ್ದು ಅಂತ ಏನ್ಲಾ ಉಳಿಯೋದು?' ಮೂಲೆಯಲ್ಲಿ ಬೀಡಿ ಸೇದುತ್ತಾ ಕೂತ ಮುದುಕರು ಮಾತಾಡುವುದಿಲ್ಲ. ತಮಟೆ ಹೊಡೆದದ್ದು ಅವರು, ಅದರ ಬಗ್ಗೆ ವಾದ ಮಾಡುವವರು ನಾವು. ಮನೆಯಲ್ಲಿ ಮೊದಲ ಸಲ ಡಿಗ್ರಿ ಕಂಡವರು ನಾವು.

ವಾದಕ್ಕೆ ಮೊದಲು ಆ ಕೆಲಸ ಏನು ಅಂತ ನೋಡೋಣ. ಹೊರಗಿನಿಂದ ನೋಡುವವರಿಗೆ ತಮಟೆ ಅಂದರೆ ಸದ್ದು. ಹತ್ತಿರ ಕೂತವರಿಗೆ ಗೊತ್ತು, ಅದೊಂದು ಭಾಷೆ. ಬಳೆಗೆ ಎಳೆದು ಕಟ್ಟಿದ ತೊಗಲು ಥಂಡಿಗೆ ಸಡಿಲವಾಗುತ್ತದೆ. ಹುಲ್ಲು, ಕಾಗದ, ಸಿಕ್ಕಿದ್ದು ಉರಿಹಾಕಿ ಕಾಯಿಸಬೇಕು. ಎಷ್ಟು ಕಾಯಿಸಬೇಕು ಅನ್ನುವುದನ್ನು ಬೆರಳಿನಿಂದ ತಟ್ಟಿ ಕಿವಿಯಿಂದ ತಿಳೀಬೇಕು. ಕಾವು ಹೆಚ್ಚಾದರೆ ತೊಗಲು ಬಿರಿಯುತ್ತದೆ, ಕಡಿಮೆಯಾದರೆ ಮುಲುಗುತ್ತದೆ. ಒಂದು ಕೈಯಲ್ಲಿ ಗಿಡ್ಡ ಕೋಲು, ಇನ್ನೊಂದರಲ್ಲಿ ಉದ್ದದ ಸಣ್ಣ ಕಡ್ಡಿ. ಸಾವಿನ ಹೊಡೆತ ಬೇರೆ, ದೇವರು ಹೊರಡುವ ಹೊಡೆತ ಬೇರೆ, ಮದುವೆಯದು ಬೇರೆ, ಊರಿಗೆ ಸಾರು ಹಾಕುವುದು ಬೇರೆ. ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸು ಅಷ್ಟು ದೂರದಿಂದ ಬರೀ ಸದ್ದು ಕೇಳಿ 'ಯಾರೋ ಹೋದ್ರು' ಅಂತ ಸೊಂಟ ನೇರ ಮಾಡುತ್ತಾಳೆ. ಅಕ್ಷರ ಬಾರದವರಿಗೆಲ್ಲ ಸುದ್ದಿ ಮುಟ್ಟಿಸಿದ್ದು ಈ ತೊಗಲು. ಅದನ್ನು ಬಾರಿಸಿದವನೂ ಅಕ್ಷರದಿಂದ ಹೊರಗಿದ್ದವನೇ.

ಇಷ್ಟು ವಿದ್ಯೆಯ ಮನುಷ್ಯನನ್ನು ಊರು ಕರೆಯುತ್ತಿದ್ದದ್ದು ಹೇಗೆ? 'ಏಯ್, ಧಣಿ ತೀರ್ಕಂಡವ್ರೆ, ತಮಟೆ ತಗಂಡ್ ಬಾರ್ಲಾ.' ಅಷ್ಟೇ. ಅದು ಕರೆಯಲ್ಲ, ಅಪ್ಪಣೆ. ಆ ದಿನ ಅವನ ಮಗುವಿಗೆ ಜ್ವರ ಇರಲಿ, ಅವನ ಮನೆಯಲ್ಲೇ ಹೆಣ ಬಿದ್ದಿರಲಿ, ಹೋಗಲೇಬೇಕು. ಕೂಲಿ ಅಂತ ಇಲ್ಲ. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತರೆ ಮೊರದಲ್ಲಿ ಆಯ ಸುರಿಯುತ್ತಾರೆ, ಅದನ್ನು ಸೆರಗೊಡ್ಡಿ, ಟವೆಲ್ಲು ಒಡ್ಡಿ ಹಿಡೀಬೇಕು. ದೇವರ ಮುಂದೆ ಬಾರಿಸಬೇಕು, ಗುಡಿಯ ಮೆಟ್ಟಿಲು ಹತ್ತಬಾರದು. ಅವನ ಸದ್ದು ಇಲ್ಲದೆ ಉತ್ಸವ ಹೊರಡುವುದಿಲ್ಲ, ಅವನ ನೆರಳು ಬಿದ್ದರೆ ಅದೇ ಉತ್ಸವಕ್ಕೆ ಮೈಲಿಗೆ. ಈ ಲೆಕ್ಕ ಯಾವ ಶಾಸ್ತ್ರದ್ದು ಅಂತ ನಾವು ಕೇಳಿದರೆ ಪೂಜಾರಿ ನಗುತ್ತಾನೆ. ಶಾಸ್ತ್ರಕ್ಕಿಂತ ಹಳೆಯದು ಅನುಕೂಲ.

ಕಾನೂನು ಬಂತು. ಕರ್ನಾಟಕ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರದು, ಜಾರಿಗೆ ಬಂದದ್ದು 1963ರಲ್ಲಿ. ತೋಟಿ, ತಳವಾರ, ನೀರುಗಂಟಿ, ಎಲ್ಲ ವಂಶಪಾರಂಪರ್ಯದ ಹುದ್ದೆಗಳು ಕಾಗದದ ಮೇಲೆ ರದ್ದಾದವು. ಬಾಬಾಸಾಹೇಬರು ಇದೇ ಹೋರಾಟವನ್ನು ಬಹಳ ಮೊದಲೇ ಹಿಡಿದಿದ್ದರು. 1927ರ ಮಹಾಡಿನಲ್ಲಿ ಸತ್ತ ದನ ಎಳೆಯುವುದು ಬಿಡಿ, ಅದರ ಮಾಂಸ ಬಿಡಿ ಅಂದರು. ಮರುವರ್ಷ ಮುಂಬಯಿ ಶಾಸನ ಸಭೆಯಲ್ಲಿ ಮಹಾರರ ವತನದ ವಿಷಯಕ್ಕೆ ಮಸೂದೆ ತಂದರು. ಊರು ಕೊಟ್ಟ ತುಂಡು ನೆಲ, ಕಾಳಿನ ಆಸೆಗೆ ಇಡೀ ಜಾತಿ ಊರಿನ ಆಳಾಗಿ ಬಿದ್ದಿರುವುದನ್ನು ಅವರು ಕಂಡಿದ್ದರು. ನಮ್ಮ ಸೀಮೆಯಲ್ಲಿ ಹುದ್ದೆ ಹೋದರೂ 'ಬಾರ್ಲಾ' ಹೋಗಲಿಲ್ಲ. ಯಾರೂ ಬರೆದಿಡದಿದ್ದ ಅಪ್ಪಣೆಯನ್ನು ಯಾವ ಕಾಯ್ದೆ ರದ್ದು ಮಾಡೀತು? 'ಬರಲ್ಲ' ಅಂದ ಹಟ್ಟಿಗಳಿಗೆ ಅಂಗಡಿ ಮುಚ್ಚಿತು, ಕೂಲಿ ನಿಂತಿತು, ಬಾವಿ ದೂರವಾಯಿತು. ಬಿಟ್ಟಿಚಾಕರಿ ಮಾಡಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. ಆದರೆ ಪೊಲೀಸ್ ಠಾಣೆಗೆ ಹೋಗುವ ದಾರಿ ಊರ ನಡುವೆಯೇ ಹಾಯುತ್ತದಲ್ಲ.

ಹಾಗಾದರೆ ಸಂಗೀತಗಾರನಾಗಿ ಹುಟ್ಟುವುದೇ ಅವಮಾನವೋ? ಇಲ್ಲ. ನಮ್ಮ ಸೀಮೆಯಲ್ಲೇ ಬೇರೆ ಥರದ ವಾದ್ಯವೂ ಉಂಟು. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಹತ್ತಿರ ಜುಂಜಪ್ಪನ ಗುಡ್ಡೆ ಇದೆ. ಜುಂಜಪ್ಪ ಕಾಡುಗೊಲ್ಲರ ವೀರ, ದನಗಾಹಿ, ದೇವರು. ಅವನ ಕಥೆಯನ್ನು ಗಣೆ ಊದಿ ಹಾಡುತ್ತಾರೆ. ಗಣೆ ಅಂದರೆ ಮೊಳಗಟ್ಟಲೆ ಉದ್ದದ ಬಿದಿರ ಕೊಳಲು. ಅವರಿಗೆ ಅದು ಬರೀ ವಾದ್ಯವಲ್ಲ, ದೇವರ ವಸ್ತು. ಕಾಡುಗೊಲ್ಲರೂ ಊರ ಹೊರಗಿನ ಹಟ್ಟಿಯವರೇ, ಬಡವರೇ. ಆದರೂ ಬಿದಿರು ಮಡಿ, ತೊಗಲು ಮೈಲಿಗೆ. ಗಣೆ ಊದುವವನು ತನ್ನ ಕುಲದ ಕಥೆಯನ್ನು ತನ್ನ ಕುಲಕ್ಕೇ ಹೇಳುತ್ತಾನೆ. ತಮಟೆ, ಉರುಮೆ ಹಿಡಿದವನು ಇನ್ನೊಬ್ಬರ ದೇವರನ್ನು, ಇನ್ನೊಬ್ಬರ ಹೆಣವನ್ನು, ಇನ್ನೊಬ್ಬರ ಮದುವಣಿಗನನ್ನು ಸಾಗಿಸುತ್ತಾನೆ. ಒಕ್ಕಲು ಮನೆಗಳ ವಂಶಾವಳಿ ಹೇಳಲು ಎತ್ತಿನ ಮೇಲೆ ಹೆಳವರು ಬರುತ್ತಿದ್ದರು. ಏಳು ತಲೆಮಾರಿನ ಹೆಸರು ಹೇಳಿ ಕಾಳು ಇಸಕೊಂಡು ಹೋಗುತ್ತಿದ್ದರು. ನಮ್ಮ ಕೇರಿಗೆ ಹೆಳವ ಬಂದದ್ದನ್ನು ನಾವು ಕಾಣೆವು. ಮುತ್ತಾತನ ಆಚೆಗಿನ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ಇಲ್ಲಿ ಆಫ್ರಿಕಾದ ಮಾತು ಎತ್ತಬೇಕು. 2024ರ ಜುಲೈ 19ರಂದು ಮಾಲಿ ದೇಶದ ಬಮಾಕೊದಲ್ಲಿ ತುಮಾನಿ ಜಬಾತೆ ಎಂಬ ಕೋರಾ ವಾದಕ ತೀರಿಕೊಂಡರು. ಹಾಸ್ಟೆಲ್ಲಿನ ಒಬ್ಬ ಹುಡುಗನ ಮೊಬೈಲಿನಲ್ಲಿ ನಾವು ಅವರನ್ನು ಕೇಳಿದೆವು. ಒಬ್ಬನೇ ಮನುಷ್ಯ, ಮೂರು ಜನ ನುಡಿಸಿದ ಹಾಗೆ ಕೇಳುತ್ತದೆ. ಕೋರಾ ಅಂದರೆ ದೊಡ್ಡ ಸೋರೆಬುರುಡೆಯನ್ನು ಅರ್ಧಕ್ಕೆ ಸೀಳಿ, ಬಾಯಿಗೆ ದನದ ತೊಗಲು ಬಿಗಿದು, ಉದ್ದನೆ ಕೋಲು ತೂರಿಸಿ, 21 ತಂತಿ ಕಟ್ಟಿದ ವಾದ್ಯ. ಹಿಂದೆ ತೊಗಲನ್ನೇ ಸೀಳಿ ತಂತಿ ಮಾಡುತ್ತಿದ್ದರು, ಈಗ ಮೀನು ಹಿಡಿಯುವ ನೈಲಾನ್ ದಾರ. ಎರಡು ಹೆಬ್ಬೆರಳು, ಎರಡು ತೋರುಬೆರಳು ನುಡಿಸುತ್ತವೆ, ಉಳಿದ ಬೆರಳು ಹಿಡಿಗಳನ್ನು ಹಿಡಿದಿರುತ್ತವೆ. ಅಲ್ಲೂ ದನದ ತೊಗಲೇ. ಯಾರೂ ಮೂಗು ಮುಚ್ಚಿಕೊಳ್ಳುವುದಿಲ್ಲ. (ನಮ್ಮ ಸಭಾಂಗಣಗಳ ಮೃದಂಗಕ್ಕೂ ದನ, ಎಮ್ಮೆ, ಆಡಿನ ತೊಗಲೇ ಬೇಕು. ಆ ತೊಗಲು ಹದ ಮಾಡುವವರ ಬಗ್ಗೆ ಟಿ.ಎಂ. ಕೃಷ್ಣ ಪುಸ್ತಕ ಬರೆದಾಗ, 2020ರಲ್ಲಿ ಅದರ ಬಿಡುಗಡೆಗೆ ಕೊಟ್ಟಿದ್ದ ಸಭಾಂಗಣವನ್ನು ಚೆನ್ನೈನ ಕಲಾಕ್ಷೇತ್ರ ಹಿಂದಕ್ಕೆ ತಗೊಂಡಿತು. ನಾದ ಬೇಕು, ತೊಗಲಿನ ಮಾತು ಬೇಡ.)

ಕೋರಾ ನುಡಿಸುವವರು ಮಾಂಡಿಂಗ ಜನರಲ್ಲಿ ಒಂದು ಹುಟ್ಟಿನ ಗುಂಪು. ಅವರನ್ನು ಜೆಲಿ ಅನ್ನುತ್ತಾರೆ, ಹೊರಗಿನವರು ಗ್ರಿಯೊ ಅಂದರು. ಜೆಲಿ ಅನ್ನುವ ಮಾತಿಗೆ ಅಲ್ಲಿ ರಕ್ತ ಎಂಬ ಅರ್ಥವೂ ಇದೆ. ಕಮ್ಮಾರ, ತೊಗಲು ಕೆಲಸದವ, ಜೆಲಿ, ಇವರೆಲ್ಲ ಒಂದು ಸಾಲು. ಹೆಣ್ಣು ಕೊಡುವುದು ತರುವುದು ತಮ್ಮತಮ್ಮಲ್ಲೇ. ಮೇಲಿನವರು ಅವರ ಮನೆಯಲ್ಲಿ ಸಂಬಂಧ ಬೆಳೆಸುವುದಿಲ್ಲ. ರಾಜರ ವಂಶಾವಳಿ, ಯುದ್ಧ, 13ನೇ ಶತಮಾನದ ಸುಂಜಾತನ ದೊಡ್ಡ ಕಥೆ, ಎಲ್ಲ ಜೆಲಿಯ ಬಾಯಲ್ಲಿ. ತುಮಾನಿ ತಮ್ಮ ಮನೆತನವನ್ನು 71 ತಲೆಮಾರು ಹಿಂದಕ್ಕೆ ಎಣಿಸುತ್ತಿದ್ದರು. 71! ನಮಗೆ ಮೂರು ಸಿಕ್ಕುವುದಿಲ್ಲ.

ಅದು ನಮ್ಮ ಅಸ್ಪೃಶ್ಯತೆಯೇ ಅಂತ ಹೇಳಿದರೆ ಸುಳ್ಳಾಗುತ್ತದೆ. ಜೆಲಿ ರಾಜನ ಪಕ್ಕದಲ್ಲೇ ಕೂರುತ್ತಿದ್ದ, ರಾಜನ ಪರವಾಗಿ ಮಾತಾಡುತ್ತಿದ್ದ. ಕೊಡಬೇಕಾದವನು ಕೊಡದಿದ್ದರೆ ಅವನ ಜಿಪುಣತನವನ್ನು ಊರ ಮುಂದೆ ಹಾಡುತ್ತಿದ್ದ. ಅವನ ನಾಲಿಗೆಗೆ ದೊಡ್ಡವರು ಹೆದರುತ್ತಿದ್ದರು. ನಮ್ಮಪ್ಪಂದಿರಿಗೆ ಕೈ ಮಾತ್ರ ಬಿಟ್ಟರು, ಬಾಯಿ ಕಟ್ಟಿದರು. ಆದರೂ ಅಲ್ಲಿಯ ಗೌರವವನ್ನು ಪೂರಾ ನಂಬಬೇಡಿ. ಸೆನೆಗಲ್ಲಿನ ಸೆರೆರ್ ಜನರ ನಡುವೆ ಗ್ರಿಯೊ ಸತ್ತರೆ ಅವನನ್ನು ಮಣ್ಣಿನಲ್ಲಿ ಹೂಳುತ್ತಿರಲಿಲ್ಲ. ನೆಲ ಬಂಜೆಯಾಗುತ್ತದೆಂದು ಹೆಣವನ್ನು ಬಾವೊಬಾಬ್ ಮರದ ಪೊಟರೆಯಲ್ಲಿ ಇಡುತ್ತಿದ್ದರು. ಜೀವಮಾನವೆಲ್ಲ ನೆಲದೊಡೆಯರನ್ನು ಹೊಗಳಿದವನಿಗೆ ಆರಡಿ ನೆಲ ಇಲ್ಲ! ಸ್ಮಶಾನಕ್ಕೆ ಜಾಗ ಕೇಳಿ ತಾಲ್ಲೂಕು ಕಚೇರಿ ಮುಂದೆ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕೆ?

ಇನ್ನೊಂದು ಕಡೆಯಿಂದಲೂ ಈ ಬೇಲಿ ಕುತ್ತಿಗೆಗೆ ಬರುತ್ತದೆ. ಸಲೀಫ್ ಕೇತಾ ಎಂಬ ದೊಡ್ಡ ಹಾಡುಗಾರ 1949ರಲ್ಲಿ ಮಾಲಿಯ ಜೊಲಿಬಾದಲ್ಲಿ ಹುಟ್ಟಿದರು, ಸುಂಜಾತನ ವಂಶ. ಹಾಡುತ್ತೇನೆ ಅಂದಾಗ ಮನೆಯವರು ಒಪ್ಪಲಿಲ್ಲ. ರಾಜವಂಶದವನು ಹಾಡುವುದೆ? ಹಾಡುವುದು ಜೆಲಿಗಳ ಕೆಲಸ. ನಮ್ಮ ಊರ ಗೌಡನ ಮಗನಿಗೆ ತಮಟೆ ಕಲಿಯುವ ಆಸೆಯಾದರೆ ಏನಾಗುತ್ತದೆ ಎಂದು ಯೋಚಿಸಿ. ಹುಟ್ಟಿನ ವಿದ್ಯೆ ಅನ್ನುವುದು ಹಟ್ಟಿಯವನನ್ನು ಒಳಗೆ ಕಟ್ಟಿಹಾಕುತ್ತದೆ, ಬೇರೆಯವನನ್ನು ಹೊರಗೆ ನಿಲ್ಲಿಸುತ್ತದೆ. ಎರಡೂ ಕಡೆ ಕಾವಲು ಒಂದೇ.

ಈಗ ಮೊದಲಿನ ಜಗಳಕ್ಕೆ ಬರೋಣ. ಕಲೆಯನ್ನು ಕಲೆಯಾಗಿ ನೋಡಿ, ಜಾತಿ ಯಾಕೆ ತರ್ತೀರಿ ಅನ್ನುವವರಿದ್ದಾರೆ. ಇವರು ಸಾಮಾನ್ಯವಾಗಿ ಪಟ್ಟಣದವರು, ಜಾನಪದ ಪ್ರೇಮಿಗಳು. ಮಂತ್ರಿ ಬರುವ ದಿನ ನಮ್ಮ ಹುಡುಗರಿಗೆ ಬಣ್ಣದ ಪೇಟ ಕಟ್ಟಿ ಬಿಸಿಲಲ್ಲಿ ಮೂರು ಗಂಟೆ ನಿಲ್ಲಿಸುತ್ತಾರೆ. ಮಂತ್ರಿ ಕಾರು ಇಳಿದಾಗ ಹೊಡೀರಿ ಅನ್ನುತ್ತಾರೆ, ಭಾಷಣ ಶುರುವಾದಾಗ ನಿಲ್ಲಿಸ್ರಿ ಅನ್ನುತ್ತಾರೆ. ಊಟ ಕೊನೆಯ ಪಂಕ್ತಿಯಲ್ಲಿ. ಇವರಿಗೆ ತಮಟೆ ಬೇಕು, ತಮಟೆಯವನ ಮಗಳ ಫೀಸಿನ ಸುದ್ದಿ ಬೇಡ. 'ಬಾರ್ಲಾ' ಹೋಗಿ 'ಬನ್ನಿ ಕಲಾವಿದರೇ' ಬಂತು, ಅಷ್ಟೇ ವ್ಯತ್ಯಾಸ.

ಸುಟ್ಟುಬಿಡಿ ಅನ್ನುವ ಗೆಳೆಯರ ಮಾತು ಹಾಗಲ್ಲ. ಅದರಲ್ಲಿ ಬೆಂಕಿ ಇದೆ, ನ್ಯಾಯ ಇದೆ. ತಮಟೆ ಬಿಟ್ಟ ದಿನವೇ ಎಷ್ಟೋ ಹಟ್ಟಿಗಳ ಬೆನ್ನು ನೆಟ್ಟಗಾಯಿತು. ಬಿಟ್ಟವರನ್ನು 'ಸಂಸ್ಕೃತಿ ಕಳಕೊಂಡರು' ಅಂತ ಆಡಿಕೊಳ್ಳುವ ಹಕ್ಕು ಯಾವ ವಿದ್ವಾಂಸನಿಗೂ ಇಲ್ಲ. ಆದರೆ ಗೆಳೆಯರೆ, ಅವಮಾನ ಇದ್ದದ್ದು ತೊಗಲಿನಲ್ಲೋ, ಅಪ್ಪಣೆಯಲ್ಲೋ? ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ಅದೇ ತಮಟೆಯೇ ಹಾಡಿನ ಜೊತೆ ಊರ ನಡುಬೀದಿಯಲ್ಲಿ ಮೊಳಗಿತು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದದ್ದು 1975ರಲ್ಲಿ. ಅದಾದ ಮೇಲೆ ಹಾಡೂ ತಮಟೆಯೂ ಬೇರೆ ಬೇರೆ ನಡೆಯಲಿಲ್ಲ. ಅದೇ ತೊಗಲು, ಅದೇ ಕೋಲು, ಅದೇ ಕೈ. ಕರೆದವರು ಯಾರು ಅನ್ನುವುದು ಮಾತ್ರ ಬದಲಾಗಿತ್ತು.

ಆದ್ದರಿಂದ ನಾವು ಹೇಳುವುದು ಇಷ್ಟು: ಹೊಡೆಯುವ ಹಕ್ಕಿಗಿಂತ ಮೊದಲು ಹೊಡೆಯದಿರುವ ಹಕ್ಕು ಬೇಕು. 'ಒಲ್ಲೆ' ಅಂದು ಮನೆಗೆ ಹೋಗಿ ನೆಮ್ಮದಿಯಾಗಿ ಮಲಗಬಲ್ಲವನು ಬಾರಿಸಿದಾಗ ಮಾತ್ರ ಅದು ಕಲೆ. ಅಲ್ಲಿಯವರೆಗೆ ಎಷ್ಟೇ ಚೆನ್ನಾಗಿ ಬಾರಿಸಲಿ, ಅದು ಚಾಕರಿ. ಕೂಲಿ ಮಾತಾಡಿ ಬಾರಿಸುವುದು ದುರಾಸೆ ಅಲ್ಲ. ಕೂಲಿ ಮಾತಾಡುವವನು 'ಒಲ್ಲೆ' ಅನ್ನಲು ಕಲಿಯುತ್ತಾನೆ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ನಮಗೆ ಸಂತೋಷವಾಯಿತು, ಸುಳ್ಳೇಕೆ. ಆದರೆ ಒಬ್ಬರ ಎದೆಯ ಪದಕದಿಂದ ಹಟ್ಟಿಯ ಎಲ್ಲರ 'ಒಲ್ಲೆ' ಗಟ್ಟಿಯಾಗುವುದಿಲ್ಲ.

ಇಷ್ಟಾದರೂ ಒಂದು ಪ್ರಶ್ನೆ ಬಗೆಹರಿಯದೆ ಉಳಿಯುತ್ತದೆ. ಕರೆಯುವವರೇ ಇಲ್ಲದಿದ್ದರೆ? ಪಾವಗಡದ ತಿರುಮಣಿ ಕಡೆ ಹೋಗಿ ನೋಡಿ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್, 2019ಕ್ಕೆ ಪೂರ್ತಿಯಾದದ್ದು. ಕಡ್ಲೇಕಾಯಿ ಬೆಳೆಯುತ್ತಿದ್ದ ನೆಲದ ಮೇಲೆ ಈಗ ಗಾಜಿನ ಹಲಗೆ. ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ. ಜಮೀನಿಲ್ಲದವರಿಗೆ ಗುತ್ತಿಗೆ ಯಾತರದು? ಕಣ ಇಲ್ಲ, ಆಯ ಇಲ್ಲ. ಉಳಿದ ಊರುಗಳಲ್ಲಿ ಸಾವಿಗೂ ಬ್ಯಾಂಡ್‌ಸೆಟ್, ಜಾತ್ರೆಗೆ ಡಿಜೆ. ತಮಟೆಯೇ ಫೈಬರಿನದು ಅಂಗಡಿಯಲ್ಲಿ ಸಿಗುತ್ತದೆ, ಕಾಯಿಸುವ ಕೆಲಸವೂ ಇಲ್ಲ. ಅಪ್ಪಣೆ ಸಾಯುತ್ತಿದೆ, ಒಳ್ಳೆಯದು. ಅದರ ಜೊತೆಗೆ ಸಾವಿನ ಹೊಡೆತ, ದೇವರ ಹೊಡೆತ, ಸಾರಿನ ಹೊಡೆತ ಎಲ್ಲವೂ ಒಬ್ಬೊಬ್ಬ ಮುದುಕನ ಜೊತೆ ಗುಂಡಿಗೆ ಇಳಿಯುತ್ತಿವೆ. ನಮ್ಮಲ್ಲಿ ಯಾರೂ ಬರೆದಿಟ್ಟಿಲ್ಲ. ಜೆಲಿಗಳು ಅತ್ತ ಬೇರೆ ದಾರಿ ಹುಡುಕುತ್ತಿದ್ದಾರೆ. ಗಂಡಸರದೇ ಆಗಿದ್ದ ಕೋರಾವನ್ನು ಜೆಲಿ ಮನೆತನದ ಹೆಣ್ಣುಮಗಳು ಸೋನಾ ಜೊಬಾರ್ತೆ ಹಿಡಿದರು, ಗ್ಯಾಂಬಿಯಾದಲ್ಲಿ ಮಕ್ಕಳಿಗೆ ಶಾಲೆ ತೆರೆದರು. ನಮ್ಮಲ್ಲೂ ಹೆಣ್ಣುಮಕ್ಕಳ ತಮಟೆ ತಂಡಗಳು ಹುಟ್ಟಿವೆ. ಅವರ ಹೊಡೆತ ಕೇಳಿದರೆ ಗಂಡಸರ ಗತ್ತು ಸ್ವಲ್ಪ ಇಳಿಯುತ್ತದೆ, ಅದೂ ಬೇಕಾದದ್ದೇ.

ಮಧುಗಿರಿ ಕಡೆಯ ಒಬ್ಬ ಅಜ್ಜನ ಹತ್ತಿರ ಹೋಗಿ ಕಲಿಸು ಅಂತ ಕೇಳಿದೆವು. ಮೊದಲು ಒಪ್ಪಲಿಲ್ಲ. 'ಬ್ಯಾಡ ಕಣ್ರಪ್ಪಾ, ನಿಮ್ಮನ್ನ ಇಸ್ಕೂಲಿಗೆ ಕಳ್ಸಿದ್ದು ಇದು ನಿಮ್ ಕೈಗೆ ಅಂಟಬಾರ್ದು ಅಂತಾವ' ಅಂದ. ನಾವು ಬಿಡಲಿಲ್ಲ. ಮೂರನೇ ಸಲ ಹೋದಾಗ ಒಂದು ಷರತ್ತು ಹಾಕಿದ: 'ಕಲುಸ್ತೀನಿ. ಆದ್ರೆ ಬರೀ ನಮ್ಮ ಹೈಕ್ಳಿಗೆ ಕಲ್ಸಿದ್ರೆ ಮತ್ತೆ ಅದೇ ಆಗ್ತೈತೆ. ಊರೋರ ಮಕ್ಳೂ ಬರ್ಲಿ, ಈ ಜಗಲಿ ಮ್ಯಾಲೆ ಕುಂತ್ಕಂಡು ಕಲೀಲಿ.' ಊರಿನ ಹುಡುಗರಿಗೆ ನಾವು ಹೇಳಿದೆವು, ಕಾಲೇಜಿನ ಗೆಳೆಯರಿಗೂ ಹೇಳಿದೆವು. ಅಜ್ಜ ಷರತ್ತು ಸಡಿಲಿಸಿ ಭಾನುವಾರದ ಪಾಠ ಶುರುಮಾಡಿದ್ದಾನೆ. ಐದು ಜನ ಬರುತ್ತಾರೆ, ಇಬ್ಬರು ಹುಡುಗಿಯರು. ಐದೂ ನಮ್ಮ ಹಟ್ಟಿಯವರೇ. ಜಗಲಿಯ ಇನ್ನೊಂದು ತುದಿಯಲ್ಲಿ ಅಜ್ಜ ಒಂದು ತಮಟೆ ಹೆಚ್ಚಿಗೆ ಕಾಯಿಸಿ ಇಟ್ಟಿರುತ್ತಾನೆ.